ಅವ್ವನನ್ನು ಕಸ ಗುಡಿಸುವವಳೆಂದು ಬರೆದ ಕೈ

ನನ್ನ ಅಕ್ಷರ ಮುತ್ತಿನಂತಿವೆ ಎಂದವರೆಲ್ಲ ನನ್ನಿಂದ ಏನಾದರೂ ಪುಕ್ಕಟೆ ಬರೆಸಿಕೊಂಡವರೇ. ಶಹಾಪುರದ ಹತ್ತಿ ಮಿಲ್ಲಿನ ಸಾವ್ಕಾರರೂ ಹಾಗೇ ಅಂದರು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಕರೆದು ಗುಮಾಸ್ತೆಯ ಕುರ್ಚಿಯಲ್ಲಿ ಕೂರಿಸಿದರು. ಅದೇ ಮಿಲ್ಲಿನಲ್ಲಿ ನಮ್ಮವ್ವ ಹನ್ನೊಂದು ವರ್ಷದಿಂದ ಯಂತ್ರಕ್ಕೆ ಹತ್ತಿ ಉಣಿಸುತ್ತಿದ್ದಳು. ಕುರ್ಚಿ ಏರಿದ ಮೊದಲ ದಿನ ಜಂಬದಿಂದ ಅವಳ ಕಡೆ ನೋಡಿದೆ. ಅವಳು ನೋಡಲಿಲ್ಲ, ಯಂತ್ರದ ಬಾಯಿಯಿಂದ ಕಣ್ಣು ತೆಗೆದರೆ ಬೆರಳು ಹೋಗುತ್ತದೆ.

ಆ ಹಂಗಾಮಿನಲ್ಲಿ ಅಪ್ಪನೂ ಅಲ್ಲಿಗೇ ಕೆಲಸಕ್ಕೆ ಬಂದ. ಯಂತ್ರ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವ ಆಸಾಮಿ. ಅವ್ವನೇ ನಾಲ್ಕು ದಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದಳು.

"ಕಸಕಡ್ಡಿ ತಗದು ಹಾಕು. ಒಮ್ಮಿಗೇ ತುರುಕಬ್ಯಾಡ, ಅದೇನ್ ನಿನ್ನ ಬಾಯಿ ಅಲ್ಲ."

ಶನಿವಾರದ ಬಟವಾಡೆಯಲ್ಲಿ ಕಲಿತವನಿಗೆ ದಿನಕ್ಕೆ ನಾನೂರೈವತ್ತು, ಕಲಿಸಿದವಳಿಗೆ ಮುನ್ನೂರು. ಅದು ಗಂಡಾಳಿನ ಕೂಲಿ, ಇದು ಹೆಣ್ಣಾಳಿನ ಕೂಲಿ. ಹೊಲದ ಈ ಪದ್ಧತಿ ಯಾವಾಗಲೋ ಮಿಲ್ಲಿನೊಳಗೂ ಬಂದು ಕೂತುಬಿಟ್ಟಿತ್ತು. ಅಪ್ಪ ಅಂದು ಮೀಸೆ ತಿರುವುತ್ತ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಅವ್ವ ಒಂದನ್ನೂ ಮುಟ್ಟಲಿಲ್ಲ. ಅವಳ ಪಾಲನ್ನೂ ನಾನೇ ತಿಂದೆ. ನನಗಿನ್ನೂ ಬುದ್ಧಿ ಬಂದಿರಲಿಲ್ಲ.

ಸ್ವಲ್ಪ ದಿನಕ್ಕೆ ಯಾದಗಿರಿಯಿಂದ ಕಾರ್ಮಿಕ ಇಲಾಖೆಯ ಅಧಿಕಾರಿ ಬರುತ್ತಾರೆಂದು ಸುದ್ದಿಯಾಯಿತು. ಒಂದೇ ಕೆಲಸಕ್ಕೆ ಹೆಣ್ಣು ಗಂಡೆಂದು ಸಂಬಳ ಬೇರೆ ಮಾಡುವಂತಿಲ್ಲ ಎಂಬ ಕಾನೂನು ಸಾವ್ಕಾರರಿಗೆ ಗೊತ್ತಿತ್ತು. ಸಂಬಳ ಸಮ ಮಾಡುವುದಕ್ಕಿಂತ ಕೆಲಸವನ್ನೇ ಬೇರೆ ಮಾಡುವುದು ಅಗ್ಗವೆಂದು ಅವರಿಗೆ ಹೊಳೆಯಿತು. ಹೊಸ ಹಾಜರಿ ಪುಸ್ತಕ ತಂದು ನನ್ನ ಮುಂದಿಟ್ಟರು.

"ಹೆಣ್ಣಾಳಿನ ಹೆಸರಿನ ಮುಂದೆಲ್ಲ ಕಸ ಗುಡಿಸುವವರು ಅಂತ ಬರಿಯವ್ವ. ನಿನ್ನ ಅಕ್ಷರ ಅಂದ್ರ ಮುತ್ತಿನಂಗ ಅದಾವ."

ಬರೆದೆ. ಹನ್ನೊಂದು ಹೆಣ್ಣಾಳುಗಳಲ್ಲಿ ಮೊದಲ ಹೆಸರು ಅವ್ವನದು. ಕೈ ನಡುಗಿತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ, ಅಡಿಗೆರೆಯನ್ನೂ ಎಳೆದಿದ್ದೆ.

ಅಧಿಕಾರಿ ಒಬ್ಬ ಹೆಣ್ಣುಮಗಳು. ಪುಸ್ತಕ ನೋಡಿ ಅವ್ವನನ್ನು ಕರೆದು, ಏನು ಕೆಲಸ ಮಾಡುತ್ತೀ ಎಂದು ಕೇಳಿದರು. ಸಾವ್ಕಾರರು ಮೊದಲೇ ಪಾಠ ಹೇಳಿಕೊಟ್ಟಿದ್ದರು.

"ಕಸ ಹೊಡೀತೀವ್ರಿ ಮೇಡಂ. ಬರೇ ಕಸ," ಎಂದಳು ಅವ್ವ, ತಲೆ ತಗ್ಗಿಸಿ. ಹೆದರಿದಳು ಎಂದುಕೊಂಡೆ. ಅಧಿಕಾರಿ ಅಂದು ನಿಲ್ಲಿಸಿಟ್ಟಿದ್ದ ಯಂತ್ರಗಳನ್ನೆಲ್ಲ ನೋಡಿ, ಯಂತ್ರ ನಡೆಯುವಾಗ ಇನ್ನೊಮ್ಮೆ ಬರುತ್ತೇನೆಂದು ಹೋದರು.

ಮರುದಿನ ಹನ್ನೊಂದೂ ಜನ ಮನೆಯಿಂದ ಪೊರಕೆ ಹಿಡಿದು ಬಂದರು. ಅಂಗಳ ಗುಡಿಸಿದರು, ಗೋದಾಮು ಗುಡಿಸಿದರು, ರಸ್ತೆ ಗುಡಿಸಿದರು. ಸಾವ್ಕಾರರು ಊಟಕ್ಕೆ ಕೂತಾಗ ಅವರ ಕೋಣೆಯನ್ನು ಮೂರು ಸಲ ಗುಡಿಸಿದರು. ಯಂತ್ರದ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ. ಸುರಪುರದ ಕಡೆಯಿಂದ ಹತ್ತಿ ತುಂಬಿಕೊಂಡು ಬಂದ ಟ್ರ್ಯಾಕ್ಟರುಗಳು ಗೇಟಿನ ಹೊರಗೆ ಸಾಲುಗಟ್ಟಿದವು.

"ಏನವ್ವ ಇದು ಹುಚ್ಚಾಟ?"

"ಪುಸ್ತಕದಾಗ ಹಂಗೇ ಬರದದಲ್ರಿ ಸಾವ್ಕಾರ್ರ. ಸರಕಾರದ ಮುಂದ ನಿಮ್ಮ ಮಾತು ಸುಳ್ಳಾಗಬಾರದ್ರಿ."

ಎಲ್ಲ ಯಂತ್ರಗಳ ನಡುವೆ ಅಪ್ಪನೂ ಮತ್ತಿಬ್ಬರು ಗಂಡಾಳುಗಳೂ ಮಾತ್ರ ಓಡಾಡಿದರು. ಮೂರನೇ ದಿನಕ್ಕೆ ಅಪ್ಪನ ಮೀಸೆ ಕೆಳಗಿಳಿದಿತ್ತು. ತಲೆಯ ಮೇಲೆ ಹತ್ತಿಯ ಎಳೆ ಹೊತ್ತು ಸಾವ್ಕಾರರ ಮುಂದೆ ಕೈ ಮುಗಿದ.

"ಅಕಿ ಪಗಾರ ಏರಿಸ್ರಿ ಯಪ್ಪಾ. ಮನ್ಯಾಗ ರೊಟ್ಟಿ ಕೊಡ್ತಾಳ, ಆದ್ರ ಮಾತಾಡವಲ್ಲಳು."

ಸಾವ್ಕಾರರ ತಾಳ್ಮೆ ತಪ್ಪಿತು. ಅಂಗಳದಲ್ಲಿ ನಿಂತು ಅವ್ವನ ಮೇಲೆ ಕೂಗಾಡಿದರು. "ಹನ್ನೊಂದು ವರ್ಷದಿಂದ ಮಿಷನ್ ನಡಸಾಕತ್ತೀ, ಈಗೇನ್ ರೋಗ ಬಂದದ ನಿನಗ?"

ಗೇಟಿನಲ್ಲಿ ಅಧಿಕಾರಿ ನಿಂತಿದ್ದರು. "ಹನ್ನೊಂದು ವರ್ಷ ಅಂದ್ರ್ಯಾ?" ಎಂದು ಮೆತ್ತಗೆ ಕೇಳಿ ಪೆನ್ನು ತೆಗೆದರು.

ಸಾವ್ಕಾರರು ಕೊನೆಯ ದಾಳ ಉರುಳಿಸಿದರು: "ಹಂಗಾರ ಗಂಡಾಳಿಂದು ಮುನ್ನೂರಕ್ಕ ಇಳಿಸ್ತೀನಿ ಬಿಡ್ರಿ, ಸಮ ಆತಲ್ಲ."

"ಇಳಿಸೂ ಹಂಗಿಲ್ರಿ. ಹೆಣ್ಣಾಳಿಂದು ಏರಿಸಬೇಕು. ಕಾನೂನಿನಾಗ ಅದನ್ನೂ ಬರದಾರ."

ಅಪ್ಪ ಬಿಟ್ಟ ನಿಟ್ಟುಸಿರಿಗೆ ಅವನ ತಲೆಯ ಮೇಲಿನ ಹತ್ತಿ ಹಾರಿಹೋಯಿತು.

ಆಗಲೇ ಪುಸ್ತಕ ತಿದ್ದುವ ಕೆಲಸ ನನ್ನ ಪಾಲಿಗೇ ಬಂತು. ಬರೆಯುತ್ತಿದ್ದಾಗ ಅವ್ವ ಬಂದು ನಿಂತಳು. ಅವಳಿಗೆ ಓದು ಬಾರದು. ತನ್ನ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಿಟ್ಟಳು.

"ಈಗೇನ್ ಬರದಿ?"

"ಯಂತ್ರದ ಕೆಲಸ, ನಾನೂರೈವತ್ತು."

"ಮೊದಲು ಬರದಿದ್ದೂ ನೀನಾ ಏನು?"

ಹೌದೆಂದೆ. ತಲೆಯೆತ್ತಲಾಗಲಿಲ್ಲ. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ. ಅವ್ವ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬೆರಳನ್ನು ಪುಟದ ಕೆಳಗೆ ಜಾರಿಸಿದಳು.

"ನಿನ್ನ ಹೆಸರೆಲ್ಲಿ ಅದ?"

ಕೊನೆಯ ಸಾಲು ತೋರಿಸಿದೆ. ಗುಮಾಸ್ತೆ, ತಿಂಗಳಿಗೆ ಏಳು ಸಾವಿರ.

"ನಿನಗಿಂತ ಮೊದಲು ಈ ಕುರ್ಚಿ ಮ್ಯಾಲ ಒಬ್ಬಾವ ಕೂಡತಿದ್ದ. ಅವಂಗೆಷ್ಟು ಕೊಡತಿದ್ರು?"

ಹಳೆಯ ಹಾಜರಿ ಪುಸ್ತಕವಿದ್ದ ಕಪಾಟನ್ನು ದಿನವೂ ತೆರೆದು ಮುಚ್ಚುತ್ತಿದ್ದೆ. ಆ ಪುಸ್ತಕವನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ತೆಗೆದು ಪುಟ ತಿರುವಿದೆ. ಗುಮಾಸ್ತ, ತಿಂಗಳಿಗೆ ಹನ್ನೆರಡು ಸಾವಿರ. ಕಾಗೆ ಕಾಲಿನಂಥ ಅಕ್ಷರ ಬೇರೆ.

ಅವ್ವ ನನ್ನ ಮುಖ ನೋಡಿದಳು. ಎಷ್ಟೆಂದು ಕೇಳಲೇ ಇಲ್ಲ.

"ಮೇಡಂ ಇನ್ನಾ ಜೀಪ್ ಹತ್ತಿಲ್ಲ," ಎಂದಳು. "ಓಡು."