ಹರಕೆ ಹೊತ್ತವಳ ಮುಡಿ

ಹೋದ ವಾರ ಎದುರು ಫ್ಲಾಟಿನಿಂದ ಬಜೆ ಸುಡುವ ವಾಸನೆ ಬಂತು. ಆ ಮನೆಗೆ ಬಾಣಂತಿ ಬಂದು ಹನ್ನೆರಡು ದಿನವಾಗಿದೆ. ಬಜೆ ಬೇರನ್ನು ದೀಪಕ್ಕೆ ಹಿಡಿದು ಕರಕಾಗಿಸಿ, ಕಲ್ಲಿನ ಮೇಲೆ ತೇಯ್ದು, ಕೂಸಿನ ನಾಲಿಗೆಗೆ ಚೂರು ಸವರುವ ಪದ್ಧತಿ ಸರ್ವಜ್ಞನಗರದ ಈ ಹೊಸ ಕಟ್ಟಡದ ಮೂರನೇ ಮಹಡಿಯಲ್ಲೂ ಉಳಿದಿದೆ. ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ನಿಂತೆ. ಆ ಕಹಿ ಘಾಟು ನನ್ನ ಪಾಲಿಗೆ ಒಬ್ಬಳ ಕೈಯ ವಾಸನೆ... ಆಕೆಯನ್ನು ಕೊನೆಯ ಸಲ ನೋಡಿ ಹತ್ತು ವರ್ಷ ನಾಲ್ಕು ತಿಂಗಳಾಯಿತು.

ಆಗ ನಾವು ಹಲಸೂರಿನಲ್ಲಿ, ಕೆರೆಯಿಂದ ಎರಡು ಬೀದಿ ಹಿಂದೆ ಬಾಡಿಗೆಗಿದ್ದೆವು. ತೊಂಬತ್ತರ ದಶಕದ ಕೊನೆ. ಅಪ್ಪ ಕೃಷ್ಣರಾಜಪುರದ ಕಡೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದರು, ಅಮ್ಮ ವಿಮಾ ಕಚೇರಿಯಲ್ಲಿ. ನನಗೆ ಹನ್ನೆರಡು ತುಂಬಿದ ಮೇಲೆ ತಮ್ಮ ಹುಟ್ಟಿದ. ಜೊತೆಗಿದ್ದ ಅಪ್ಪನ ಕಡೆಯ ಅಜ್ಜಿಗೆ ಮಂಡಿ ನೋವು, ಮಗುವಿನ ಹಿಂದೆ ಓಡಲು ಆಗುತ್ತಿರಲಿಲ್ಲ. ಹಾಗಾಗಿ ಅಮ್ಮನ ರಜೆ ಮುಗಿದ ದಿನದಿಂದ ಮಗು ನೋಡಿಕೊಳ್ಳಲು ಮರ್ಫಿ ಟೌನಿನಿಂದ ಆಕೆ ಬರತೊಡಗಿದಳು. ಗುಲ್ಬರ್ಗಾ ಸೀಮೆಯವಳು. ಗಂಡನಿಗೆ ಗಾರೆ ಕೆಲಸ, ಇಬ್ಬರಿಗೂ ಸೇರಿ ಒಂದು ಬಾಡಿಗೆ ಕೋಣೆ. ಹುಟ್ಟಿದ್ದ ಒಂದು ಮಗು ಉಳಿದಿರಲಿಲ್ಲ.

“ನನಗ ಚಿಗವ್ವ ಅನ್ನು ತಂಗಿ” ಅಂದಿದ್ದಳು ಮೊದಲ ದಿನ. ಅವರ ಕಡೆ ತಾಯಿಯ ತಂಗಿಗೆ ಹಾಗೆ ಕರೆಯುತ್ತಾರಂತೆ. ಒಳಗಿನಿಂದ ಅಜ್ಜಿ, “ಆಯಾ ಅಂದ್ರೆ ಸಾಕು” ಅಂದರು. ನಾನು ಆಯಾ ಅಂದೆ.

ನನಗೆ ಆಗಲೇ ಡೈರಿ ಬರೆಯುವ ಚಟ ಹತ್ತಿತ್ತು. ತಮ್ಮ ಹುಟ್ಟಿದ ದಿನವನ್ನು ಒಂದು ಎಂದು ಹಿಡಿದು, ಪ್ರತಿ ದಿನಕ್ಕೂ ಸಂಖ್ಯೆ ಕೊಟ್ಟಿದ್ದೆ. ಮಗುಚಿಕೊಂಡಿದ್ದು ನೂರ ಒಂಬತ್ತನೇ ದಿನ. ಹಾಲ್ಹಲ್ಲು ಇನ್ನೂರ ಹದಿನೇಳನೇ ದಿನ. ಅಂಬೆಗಾಲಿಟ್ಟು ಹೊಸ್ತಿಲು ದಾಟಿದ್ದು ಇನ್ನೂರ ಅರವತ್ತೆರಡನೇ ದಿನ. ಅವತ್ತು ಅಜ್ಜಿ ಹೊಸ್ತಿಲ ಮೇಲೆ ಸಿಹಿ ಇಟ್ಟು ಅಕ್ಕಪಕ್ಕದವರಿಗೆ ಹಂಚಿದ್ದರು. ಇವುಗಳಲ್ಲಿ ಮುಕ್ಕಾಲುಪಾಲು ಮೊದಲು ಕಂಡಿದ್ದು ಆಕೆಯ ಕಣ್ಣಿಗೆ. ನಾನು ಶಾಲೆಯಿಂದ ಬರುವಷ್ಟರಲ್ಲಿ ಬಾಗಿಲಲ್ಲೇ ನಿಂತು ಸುದ್ದಿ ಒಪ್ಪಿಸುತ್ತಿದ್ದಳು. “ಬಾರವ್ವ ಕುಲಕರ್ಣಿ, ಪುಸ್ತಕ ತಗಿ. ಇವತ್ತ ನಿನ್ನ ತಮ್ಮ ಮೂರ ಸಲ ಸೀನ್ಯಾನ. ಬರಕೋ, ಸರ್ಕಾರಕ್ಕ ಕಳಸು.” ಊರ ಲೆಕ್ಕ ಬರೆಯುವವನ ಹೆಸರು ನನಗಿಟ್ಟಳೆಂದು ಸಿಟ್ಟಾಗುತ್ತಿದ್ದೆ, ಆದರೂ ಬರೆದುಕೊಳ್ಳುತ್ತಿದ್ದೆ.

ಇನ್ನೂರ ತೊಂಬತ್ತೆಂಟನೇ ದಿನ ಶನಿವಾರ. ಮಧ್ಯಾಹ್ನ ನಾನು ಮನೆಯಲ್ಲಿದ್ದೆ. ಬೆಳಗಿನಿಂದ ಜ್ವರವಿದ್ದ ತಮ್ಮ ಇದ್ದಕ್ಕಿದ್ದಂತೆ ಕೈಕಾಲು ಸೆಟೆದುಕೊಂಡ, ಕಣ್ಣು ಮೇಲಕ್ಕೆ ಹೋಯಿತು. ಆಕೆ ಅವನನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ಓಡಿದಳು, ನಾನು ಹಿಂದೆ. ಆಟೋ ಹಿಡಿದು ಆಸ್ಪತ್ರೆ ಸೇರಿದೆವು. ಅಮ್ಮ ಕಚೇರಿಯಿಂದ ನೇರ ಅಲ್ಲಿಗೇ ಬಂದಳು. ಒಳಗೆ ಬಿಡಲಿಲ್ಲ. ವರಾಂಡದ ಬೆಂಚಿನ ಮೇಲೆ ಅಮ್ಮ, ಅವಳ ಕಾಲ ಬಳಿ ನೆಲದ ಮೇಲೆ ಆಕೆ, ಕಂಬಕ್ಕೆ ಒರಗಿ ನಾನು.

“ಅಕ್ಕೋರೆ, ನಮ್ಮೂರ ಹಳ್ಳದ ದಂಡೀ ಅವ್ವಗ ಬೇಡಿಕೊಂಡೀನ್ರಿ” ಅಂದಳು ಆಕೆ. “ಕೂಸು ಕಣ್ ತೆರದ್ರ ಅದರ ಹುಟ್ಟುಗೂದಲ ನಿನಗ, ನಿನ್ನ ಗುಡಿ ಕಟ್ಟೀಗೇ ತಂದು ತಗಸ್ತೀವಿ ಅಂತ. ನಾ ಬರೇ ಹರಕಿ ಹೊತ್ತಾಕಿ. ಹೆತ್ತಾಕಿ ಹ್ಞೂ ಅನಬೇಕ್ರಿ, ಇಲ್ಲಾಂದ್ರ ಮುಟ್ಟೂದಿಲ್ಲ. ಹ್ಞೂ ಅನ್ರಿ.”

ಅಮ್ಮ ಆಕೆಯ ಎರಡೂ ಕೈ ಹಿಡಿದುಕೊಂಡಳು. “ಹ್ಞೂ. ಎಲ್ಲಿಗಂದ್ರೆ ಅಲ್ಲಿಗೆ ಬರ್ತೀನಿ. ಮಗು ಉಳೀಲಿ.”

ಸಂಜೆ ನಾಲ್ಕೂಕಾಲಿಗೆ ತಮ್ಮ ಕಣ್ಣು ಬಿಟ್ಟ. ಮನೆಗೆ ಬಂದು ಬರೆದೆ: “298. ಫಿಟ್ಸ್. ಕೂದಲು ಆಯಾಳ ಊರಿನ ದೇವರಿಗೆ. ಅಮ್ಮ ಒಪ್ಪಿದಳು.”

ಜ್ವರ ಏರಿದರೆ ಚಿಕ್ಕ ಮಕ್ಕಳಿಗೆ ಹೀಗಾಗುವುದುಂಟು, ಹೆದರಬೇಕಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾಲ್ಕು ದಿನ ಕಳೆದ ಮೇಲೆ ಅಮ್ಮ ಎಲ್ಲರಿಗೂ ಆ ಮಾತನ್ನಷ್ಟೇ ಹೇಳತೊಡಗಿದಳು. ಆಕೆ ಮಾತ್ರ ಅವತ್ತಿನಿಂದ ತಮ್ಮನ ತಲೆಯನ್ನು ಬೇರೆಯವರ ಸೊತ್ತಿನ ಹಾಗೆ ಕಾಯ್ದಳು. ಕಣ್ಣಿನ ಮೇಲೆ ಬೀಳುತ್ತಿದ್ದ ಕೂದಲನ್ನು ಕತ್ತರಿಸಲು ಬಿಡದೆ, ಎಣ್ಣೆ ಹಚ್ಚಿ ದಾರದಲ್ಲಿ ಪುಟ್ಟ ಜುಟ್ಟು ಕಟ್ಟುತ್ತಿದ್ದಳು.

ಹನ್ನೊಂದನೇ ತಿಂಗಳು ಮುಗಿಯುವುದರೊಳಗೆ ನಮ್ಮ ಮನೆದೇವರ ಬೆಟ್ಟದಲ್ಲಿ ಮುಡಿ ತೆಗೆಸಬೇಕೆಂದು ಅಜ್ಜಿ ದಿನ ಗೊತ್ತು ಮಾಡಿದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಸೋದರಮಾವನಿಗೆ ಹೇಳಿಕಳಿಸಿದರು. ಅದು ತಮ್ಮನ ಮೊದಲ ಪ್ರಯಾಣ. ಕಂಟೋನ್ಮೆಂಟಿನಿಂದ ರೈಲು, ಆಮೇಲೆ ಬಸ್ಸು. ನಾನು ಡೈರಿಯ ಕೊನೆಯ ಹಾಳೆಯಲ್ಲಿ ಒಯ್ಯಬೇಕಾದ ಸಾಮಾನುಗಳ ಪಟ್ಟಿ ಮಾಡಿದ್ದೆ. ಹಾಲಿನ ಬಾಟಲಿ ಎರಡು, ಲಂಗೋಟಿ ಹದಿನಾಲ್ಕು, ಹೀಗೆ ಒಟ್ಟು ನಲವತ್ತೊಂದು. ಒಂದು ವಾರದಿಂದ ಅದೇ ಸಂಭ್ರಮ ನನಗೆ.

ಹೊರಡುವ ಹಿಂದಿನ ಸಂಜೆ ಲಂಗೋಟಿ ಮಡಚುತ್ತಿದ್ದ ಆಕೆಗೆ ಯಾತಕ್ಕೆ ಹೋಗುತ್ತಿದ್ದೇವೆ ಎಂದು ಗೊತ್ತಾಯಿತು. ಕೈ ನಿಂತಿತು.

“ಅಕ್ಕೋರೆ, ಅದು ಅವ್ವನ ಕೂದಲ ಅಲ್ರೀ?”

“ಯಾವ ಅವ್ವ?” ಅಂದಳು ಅಮ್ಮ.

“ದವಾಖಾನ್ಯಾಗ ನೀವು ಹ್ಞೂ ಅಂದಿದ್ರಿ.”

ಅಮ್ಮ ಒಮ್ಮೆ ಅಜ್ಜಿಯ ಕಡೆ ನೋಡಿದಳು. “ನಾನಾ? ನಾನು ಹಂಗೆಲ್ಲ ಅಂದಿಲ್ಲಪ್ಪ. ಆ ಟೆನ್ಷನ್ನಲ್ಲಿ ಕೇಳಿಸ್ಕೊಳ್ಳೋ ಸ್ಥಿತೀಲಿ ಇದ್ನಾ ನಾನು?”

“ನಮ್ಮ ಮನೆ ಮಗೂಗೆ ಹರಕೆ ಹೊರೋಕೆ ಇವಳು ಯಾರು?” ಅಂದರು ಅಜ್ಜಿ. “ಮನೆದೇವ್ರು ಬಿಟ್ಟು ಯಾವ್ದೋ ಹಳ್ಳದ ದೇವ್ರಿಗೆ ಮೊದಲ ಮುಡಿ ಕೊಡ್ತಾರಾ?”

ಆಕೆ ಸಿಟ್ಟಾಗಲಿಲ್ಲ. ಸಣ್ಣಗೆ ನಕ್ಕು ನನ್ನ ಕಡೆ ತಿರುಗಿದಳು. “ತಂಗಿ ಬರದಿರ್ತಾಳ್ರಿ. ಸೀನಿದ್ದೂ ಬರಿಯೂ ಹುಡುಗಿ, ಇದನ್ನ ಬಿಡ್ತಾಳೇನು? ನೋಡಿ ಹೇಳವ್ವಾ.”

ಡೈರಿ ನನ್ನ ತೊಡೆಯ ಮೇಲೇ ಇತ್ತು. ಹಾಳೆ ತಿರುವಿದೆ. ಇನ್ನೂರ ತೊಂಬತ್ತೆಂಟು ಸಿಕ್ಕಿತು. ಹೌದು ಅಂದರೆ ಜಗಳವಾಗುತ್ತದೆ, ನಾಳೆಯ ರೈಲು ತಪ್ಪುತ್ತದೆ ಅಂದುಕೊಂಡೆ. ಅಜ್ಜಿ ನನ್ನನ್ನೇ ನೋಡುತ್ತಿದ್ದರು.

“ಇಲ್ಲ. ಏನೂ ಬರೆದಿಲ್ಲ” ಅಂದೆ.

ಆಕೆಗೆ ಓದಲು ಬರುತ್ತಿರಲಿಲ್ಲ. ಆ ಪುಟ ಆಕೆಯ ಮುಂದೆ ತೆರೆದೇ ಇತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ, “ಹಂಗಾದ್ರ ನನ್ನ ಕಿವೀದೇ ತಪ್ಪು” ಅಂದು ಉಳಿದ ಲಂಗೋಟಿ ಮಡಚಿದಳು.

ಮರುದಿನ ಆಕೆಯನ್ನೂ ಕರೆದುಕೊಂಡು ಹೋದೆವು. ಮಗುವನ್ನು ಎತ್ತಿಕೊಳ್ಳಲು ಜನ ಬೇಕಲ್ಲ. ರೈಲಿನಲ್ಲಿ ತಮ್ಮ ಆಕೆಯ ತೊಡೆಯ ಮೇಲೆ ನಿಂತು ಕಿಟಕಿಯ ಸರಳು ಹಿಡಿದಿದ್ದ. ಕೃಷ್ಣರಾಜಪುರ ಬಂದಾಗ ಆಕೆ, “ನೋಡೋ ನಿಮ್ಮಪ್ಪನ ಊರು” ಅಂದಳು. ಅದೊಂದೇ ಮಾತು. ಬೆಟ್ಟದ ಮೆಟ್ಟಿಲು ಇನ್ನೂರ ಆರು, ಅಜ್ಜಿ ಮಂಡಿ ಹಿಡಿದುಕೊಂಡು ಕೂತು ಕೂತು ಹತ್ತಿದರು. ಅಷ್ಟನ್ನೂ ತಮ್ಮನನ್ನು ಹೊತ್ತು ಹತ್ತಿದ ಆಕೆ, ಮೇಲೆ ಮಾವನ ತೊಡೆಗೆ ಕೊಟ್ಟು ಪಕ್ಕಕ್ಕೆ ಸರಿದಳು.

ತಲೆ ಬೋಳಾಗಿ, ಗಂಧ ಹಚ್ಚಿದ ಮೇಲೆ, ಆಕೆ ಅಜ್ಜಿಯ ಹತ್ತಿರ ಬಂದಳು. ಬಾಳೆ ಎಲೆಯ ಮೇಲೆ ಕೂದಲು ಗುಡ್ಡೆಯಾಗಿತ್ತು.

“ಒಂದ ಎಳಿ ಕೊಡ್ರಿ ಅಮ್ಮಾರ. ಅರಿವ್ಯಾಗ ಕಟ್ಕೊಂಡು ಹೋಗಿ ಅವ್ವನ ಮುಂದ ಇಟ್ಟು ಬರ್ತೀನಿ. ಒಂದ ಎಳಿ.”

ಅಜ್ಜಿ ಎಲೆಯನ್ನು ಹತ್ತಿರಕ್ಕೆಳೆದುಕೊಂಡರು. “ತನ್ನ ಮಡಿಲಲ್ಲಿ ಮಗು ಇಲ್ಲದೋಳು ಇನ್ನೊಬ್ಬರ ಮಗು ಕೂದಲು ಯಾಕೆ ಕೇಳ್ತಾಳೆ ಅಂತ ನಮಗೆ ಗೊತ್ತಾಗಲ್ವಾ?”

“ಮಾಟ ಗೀಟ ಕಲ್ತಿದೀಯೇನಮ್ಮ?” ಅಂದ ಮಾವ. ಕೆಲವರು ನಕ್ಕರು. ಅಮ್ಮ ಮಗುವಿನ ತಲೆ ಒರೆಸುತ್ತಿದ್ದಳು.

ಅಜ್ಜಿ ಕಲ್ಯಾಣಿಗೆ ಇಳಿದು ಕೂದಲನ್ನು ನೀರಿಗೆ ಬಿಟ್ಟು, ಅದು ಚದುರಿ ಹೋಗುವವರೆಗೂ ಅಲ್ಲೇ ನಿಂತರು. ಆಮೇಲೆ ಮೇಲೆ ಬಂದು, “ಎಲ್ಲಿ, ಕೈ ತೋರ್ಸು” ಅಂದರು. ಆಕೆ ಎರಡೂ ಅಂಗೈ ಬಿಡಿಸಿ ತೋರಿಸಿದಳು. ಸೆರಗಿನ ಗಂಟನ್ನೂ ತಾನಾಗಿಯೇ ಬಿಚ್ಚಿ ತೋರಿಸಿದಳು. ಅದರಲ್ಲಿ ಒಂದು ಬಜೆ ತುಂಡು ಮಾತ್ರ ಇತ್ತು.

ನಾವು ಬಂದ ಎರಡನೇ ದಿನ ಆಕೆ ಊರಿಗೆ ಹೋದಳು. ಒಂಬತ್ತು ದಿನ ಬರಲಿಲ್ಲ. ಅಮ್ಮ ರಜೆ ಹಾಕಿ ಸಾಕಾಗಿ ದಿನವೂ ಬೈಯುತ್ತಿದ್ದಳು. ಹತ್ತನೆಯ ದಿನ ಬಂದಾಗ ತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದಿದ್ದಳು. ತಮ್ಮ ಅದನ್ನು ಹಿಡಿದೆಳೆದ. ಸೆರಗು ಜಾರಿತು. ಆಕೆಯ ತಲೆ ಬೋಳಾಗಿತ್ತು. ತಮ್ಮ ಆ ತಲೆಯನ್ನು ಸವರಿದ, ತನ್ನದನ್ನು ಸವರಿಕೊಂಡ, ಮತ್ತೆ ಆಕೆಯದನ್ನು... ಅವನಿಗೆ ನಗು ತಡೆಯಲಾಗಲಿಲ್ಲ.

“ಏನೇ ಇದು?” ಅಂದಳು ಅಮ್ಮ.

“ಕೂಸಿಂದು ಸಿಗಲಿಲ್ಲ ಅಂದ್ರ ಹೊತ್ತಾಕಿದು ಕೊಡಬೇಕ್ರಿ. ಅವ್ವನ ಋಣ ಕೂಸಿನ ಮ್ಯಾಲ ಇರಬಾರದು. ಈಗ ಏನೂ ಇಲ್ಲ. ನೀವು ಆರಾಮ ಇರ್ರಿ.”

“ಮನ್ಯಾಗಿನವ್ರು ಏನಂದ್ರು?” ಎಂದು ಆಕೆಯ ಮಾತಿನ ಧಾಟಿಯಲ್ಲೇ ಅಣಕಿಸಿದರು ಅಜ್ಜಿ. ಆಕೆ ಸೆರಗನ್ನು ಮತ್ತೆ ತಲೆಗೆಳೆದುಕೊಂಡಳು. ಬಲಗೆನ್ನೆಯ ಕೆಳಗೆ ಕಪ್ಪಗೆ ಕಂದಿತ್ತು. “ಗಂಡ ಬದುಕಿರೋಳು ತಲೆ ಬೋಳಿಸ್ಕೊಂಡು ಮಗೂನ ಎತ್ಕೊಳ್ಳೋದಾ? ನಾಳೆಯಿಂದ ಬೇಡ” ಅಂದರು ಅಜ್ಜಿ. ಅಮ್ಮ ಅಡುಗೆಮನೆಯ ಕಡೆ ತಿರುಗಿದಳು.

ಆಕೆ ತಮ್ಮನನ್ನು ಕೆಳಗಿಳಿಸಿ ಹೊರಟಳು. ಅಲ್ಲಿಯವರೆಗೆ ಎರಡು ಮೂರು ಹೆಜ್ಜೆಗೇ ಕೂತುಬಿಡುತ್ತಿದ್ದ ಅವನು ನಡುಮನೆಯಿಂದ ಗೇಟಿನವರೆಗೆ ನಡೆದುಕೊಂಡು ಹೋದ. ಆಕೆ ಹಿಂದೆ ತಿರುಗಲಿಲ್ಲ. ಅವತ್ತಿನ ಪುಟದಲ್ಲಿ ಹೀಗಿದೆ: “340. ಒಂದೇ ಸಲಕ್ಕೆ ಹದಿನಾಲ್ಕು ಹೆಜ್ಜೆ.” ಯಾರ ಹಿಂದೆ ಎಂದು ಬರೆದಿಲ್ಲ.

ಈಗ ಅಜ್ಜಿ ಇಲ್ಲ. ತಮ್ಮನಿಗೆ ಹನ್ನೊಂದು ವರ್ಷ, ಆಕೆಯ ನೆನಪು ಒಂದಿಷ್ಟೂ ಇಲ್ಲ. ಬಜೆಯ ವಾಸನೆ ಬಂದ ಮರುದಿನ ಮರ್ಫಿ ಟೌನಿಗೆ ಹೋಗಿದ್ದೆ. ಆ ಸಾಲಿನ ಕೋಣೆಗಳಲ್ಲಿ ಈಗಲೂ ಗುಲ್ಬರ್ಗಾ ಕಡೆಯವರಿದ್ದಾರೆ, ಎಲ್ಲರೂ ಹೊಸಬರು. “ಹೆಸರೇನ್ರಿ?” ಅಂದರು. ನಾನು ಆಯಾ ಅಂದೆ...

ನಿನ್ನೆ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಾಗ ಎದುರು ಕೂತು ಹೇಳಿದೆ, “ಅಮ್ಮ, ಅವತ್ತು ಆಸ್ಪತ್ರೇಲಿ ನೀನು ಹ್ಞೂ ಅಂದಿದ್ದೆ. ನನ್ನ ಡೈರೀಲಿ ಇತ್ತು. ನಾನು ಇಲ್ಲ ಅಂತ ಸುಳ್ಳು ಹೇಳ್ದೆ.”

ಅಮ್ಮ ತಲೆ ಎತ್ತಲಿಲ್ಲ. “ಅಂದಿದ್ದು ನನಗೆ ನೆನಪಿತ್ತು ಕಣೇ. ಅತ್ತೆ ಮುಂದೆ ಹೇಳೋ ಧೈರ್ಯ ಇರ್ಲಿಲ್ಲ. ನೀನು ಓದಿ ಹೇಳ್ತೀಯ, ಆಮೇಲೆ ನಾನು ಒಪ್ಕೊಂಡ್ರಾಯ್ತು ಅಂತ ಕಾಯ್ತಿದ್ದೆ.”

ನಾನೂ ಒಂದು ಹಿಡಿ ಕಾಯಿ ಎಳೆದುಕೊಂಡು ಬಿಡಿಸತೊಡಗಿದೆ. ಆಮೇಲೆ ನಾನು, “ತಮ್ಮನ್ನ ಕರ್ಕೊಂಡು ಒಂದ್ಸಲ ಅಲ್ಲಿಗೆ ಹೋಗ್ಬರೋಣ” ಅಂದೆ.

“ಹೋಗೋಣ” ಅಂದಳು ಅಮ್ಮ. “ಯಾವೂರು ಅವಳದು?”

ದಿನಕ್ಕೆ ಹತ್ತು ಸಲ ಆಕೆ ಆ ಊರಿನ ಹೆಸರು ಹೇಳುತ್ತಿದ್ದಳು. ಆ ವರ್ಷ ತುಂಬಿಸಿದ್ದ ನಾಲ್ಕೂ ಡೈರಿಗಳನ್ನು ಹರಡಿಕೊಂಡು ಸಂಜೆಯವರೆಗೆ ಹುಡುಕಿದೆ. ‘ಆಯಾ ಊರಿಗೆ ಹೋದಳು’ ಎಂದು ಐದು ಕಡೆ ಬರೆದಿದ್ದೇನೆ. ಐದು ಕಡೆಯೂ ಅಷ್ಟೇ ಬರೆದಿದ್ದೇನೆ.