ಮೂಗಿಲ್ಲದ ಭೀಮಶಿ ಕಾಕಾ

ಭೀಮಶಿ ಕಾಕಾ ಬರುತ್ತಿದ್ದಾರೆಂದು ಮೊದಲು ಗೊತ್ತಾಗುತ್ತಿದ್ದುದು ಮೂಗಿಗೆ. ಆಮೇಲೆ ಲಾರಿಯ ಸಪ್ಪಳ, ಆಮೇಲೆ ಲಾರಿ, ಕಟ್ಟಕಡೆಗೆ ಕಿಟಕಿಯಿಂದಾಚೆ ಚಾಚಿದ ಇಸ್ತ್ರಿ ತೋಳಿನ ಬಿಳಿ ಅಂಗಿ. ಅವರು ಎಲುಬು ಸಾಗಿಸುತ್ತಿದ್ದರು. ಗೋಕಾಕ, ಹುಕ್ಕೇರಿ ಸುತ್ತಿನ ಹಳ್ಳಿಗಳಲ್ಲಿ ಸತ್ತ ದನಗಳ ಎಲುಬೆಲ್ಲ ಮೂಡಲಗಿಯ ಊರಾಚೆ ಒಂದು ಬಯಲಿಗೆ ಬಂದು ಬೀಳುತ್ತಿತ್ತು. ಅಲ್ಲಿಂದ ತಮ್ಮ ಸ್ವಂತ ಲಾರಿಯಲ್ಲಿ ತುಂಬಿಕೊಂಡು ಗುಜರಾತದ ಕಾರ್ಖಾನೆಗೆ ಒಯ್ಯುವುದು ಕಾಕಾನ ಕೆಲಸ. ಆ ನಾತ ಎಂಥದೆಂದು ವರ್ಣಿಸಲು ಹೋಗುವುದಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಬಾಯಿಗೆ ನೀರು ಬರುತ್ತದೆ, ವಾಂತಿಯ ಮುಂಚೆ ಬರುವ ನೀರು.

ಇಷ್ಟು ಹೇಸುವವನು ಆ ಲಾರಿ ಹತ್ತಿದ್ದಾದರೂ ಯಾಕೆ ಎಂದರೆ, ಬೇರೆ ಯಾರೂ ಹತ್ತಿಸಿಕೊಳ್ಳಲಿಲ್ಲ. ಬೆಲ್ಲದ ಬಾಗೇವಾಡಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆದು ಬೇಸತ್ತು, ದೂರದ ರೂಟಿನ ಡ್ರೈವರ್ ಆಗಬೇಕೆಂದು ಗೋಕಾಕದಲ್ಲಿ ಡ್ರೈವಿಂಗ್ ಶಾಲೆ ಸೇರಿದೆ. ಅಲ್ಲಿನ ಮಾಸ್ತರ ಒಂದು ಖಾಲಿ ಲಾರಿಯನ್ನು ಬಯಲಲ್ಲಿ ಸುತ್ತಿಸಿದ. ಎದುರಿಗೆ ಏನು ಬಂದರೂ "ಬ್ರೇಕ್ ತುಳಿ" ಎಂಬುದೊಂದೇ ಮಂತ್ರ ಕಲಿಸಿ, ಲೈಸನ್ಸ್ ಕೈಗಿಟ್ಟ. ಅದನ್ನು ಹಿಡಿದುಕೊಂಡು ಟ್ರಾನ್ಸ್‌ಪೋರ್ಟ್ ಆಫೀಸುಗಳ ಮೆಟ್ಟಿಲು ಸವೆಸಿದೆ. ಎಲ್ಲ ಕಡೆ ಗುಟ್ಕಾ ಜಗಿಯುವ ಒಂದೇ ಬಾಯಿ, ಅನುಭವ ಐತೇನು ಎಂಬ ಒಂದೇ ಪ್ರಶ್ನೆ. ಕೆಲಸ ಕೊಡದೆ ಅನುಭವ ಎಲ್ಲಿಂದ ತರಲಿ ಎಂದು ಕೇಳಿದರೆ ಮೂಲೆಗೆ ಪಿಚಕ್ಕನೆ ಉಗುಳುತ್ತಿದ್ದರು. ಉಗುಳಿದ್ದು ಗೋಡೆಗೋ ನನಗೋ ತಿಳಿಯುತ್ತಿರಲಿಲ್ಲ.

ಹುಕ್ಕೇರಿಯಲ್ಲಿ ಸಕ್ಕರೆ ಸಾಗಿಸುವ ಒಬ್ಬ ಮಾಲಕ ಮಾತ್ರ ಒಂದು ಎಳೆ ಬಿಟ್ಟ. "ಲೋಡ್ ಗಾಡಿ ಘಾಟ್ ಇಳಿಸೀಯೇನು? ಯಾರರ ಹಳೇ ಡ್ರೈವರ್ ನಿನ್ನ ಸಲುವಾಗಿ ಹೌದು ಅಂದ್ರ ಬಾ. ಇಲ್ಲಂದ್ರ ಟ್ರ್ಯಾಕ್ಟರ್ ಹೊಡಿ" ಎಂದ. ಹೊಸಬನಿಗೆ ಲೋಡ್ ಗಾಡಿಯ ಸ್ಟೀರಿಂಗ್ ಕೊಡುವ ಹಳೇ ಡ್ರೈವರ್ ಇಡೀ ಸೀಮೆಯಲ್ಲಿ ಒಬ್ಬರೇ ಇದ್ದರು, ಯಾಕೆಂದರೆ ಅವರ ಜೋಡಿ ಹೋಗಲು ಯಾರೂ ಇರಲಿಲ್ಲ. ಮೂಡಲಗಿಗೆ ಹೋಗಿ ಕೈಮುಗಿದು ನಿಂತೆ. ಕಾಕಾ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. "ನಾಳೆ ಬಾ ತಮ್ಮಾ. ಮೂಗು ಮನ್ಯಾಗ ಇಟ್ಟು ಬಾ" ಅಂದರು.

ಮೂಗು ಬಿಟ್ಟು ಬರಲಾಗಲಿಲ್ಲ. ಹೆದ್ದಾರಿ ಹತ್ತುವ ಮೊದಲೇ ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿ, ಝುಣಕ ಎಲ್ಲ ರಸ್ತೆಯ ಪಾಲಾಯಿತು. ಕಾಕಾ ಗಾಡಿ ನಿಲ್ಲಿಸಿ ನೀರಿನ ಬಾಟಲಿ ಕೊಟ್ಟು, ತಾವು ಅಲ್ಲೇ ಡಬ್ಬಿ ಬಿಚ್ಚಿ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಮುರಿದರು. ನೊಣಗಳು ಅವರ ಕೈಯ ಸುತ್ತ ಗುಂಯ್ ಅನ್ನುತ್ತಿದ್ದವು. ನೋಡಲಾಗದೆ ಮುಖ ತಿರುವಿದೆ. "ನನಗ ಮೂಗು ಸತ್ತು ಭಾಳ ವರ್ಷ ಆತು. ಸಣ್ಣಾಂವ ಇದ್ದಾಗ ಜ್ವರ ಬಂದು ಹೋತು ನೋಡು. ದೇವರ ಕೊಟ್ಟ ವರ ಅಂತ ತಿಳಕೊಂಡೇನಿ" ಎಂದು ನಕ್ಕರು. ಆಗ ನನಗೆ ಸಮಾಧಾನವೇ ಆಯಿತು. ಮೂಗಿರುವ ಮನುಷ್ಯ ಹೀಗೆ ಕೂತು ಉಣ್ಣಲು ಸಾಧ್ಯವಿಲ್ಲವಲ್ಲ.

ಎಲುಬು ಹಸಿಯೋ ಒಣಗಿದ್ದೋ ಎಂಬುದನ್ನು ಅವರು ನನ್ನ ಮುಖ ನೋಡಿ ಹೇಳುತ್ತಿದ್ದರು. "ಇವತ್ತ ನಿನ್ನ ಮಾರಿ ಸುಟ್ಟ ಬದನಿಕಾಯಿ ಆಗೇತಿ, ಮಾಲು ಹಸಿ ಐತಿ ಅಂತಾತು." ಕ್ಯಾಬಿನ್ನಿನೊಳಗೆ ಮಾತ್ರ ಧೂಳಿನ ಒಂದು ಕಣ ಕಾಣಿಸುತ್ತಿರಲಿಲ್ಲ. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಜಾಗದಲ್ಲಿ ಅವರು ಪುಟ್ಟ ಬುದ್ಧನೊಬ್ಬನನ್ನು ಅಂಟಿಸಿದ್ದರು, ದಿನಾ ಅವನ ತಲೆ ಒರೆಸುತ್ತಿದ್ದರು. ನೀರು ಕಂಡಲ್ಲೆಲ್ಲ ಜಳಕ. ಸಾಬೂನು ಬೇಗ ಸವೆಯುತ್ತದೆಂದು ದಾರದಿಂದ ಎರಡು ತುಂಡು ಮಾಡಿ ಒಂದನ್ನು ನನಗೆ ಕೊಡುತ್ತಿದ್ದರು.

ಇನ್ನೊಂದು ಚಾಳಿ ಇತ್ತು. ಎಲ್ಲಿ ಗಾಡಿ ನಿಲ್ಲಿಸಬೇಕಾದರೂ ಮೊದಲು ಇಳಿದು ಒಂದು ಚಿಟಿಕೆ ಮಣ್ಣು ತೆಗೆದು ಮೇಲಿಂದ ಬಿಡುತ್ತಿದ್ದರು. ಮಣ್ಣು ಯಾವ ಕಡೆ ಹಾರಿತೋ ಆ ಕಡೆ ಮನೆಯಾಗಲಿ ಹೋಟೆಲಾಗಲಿ ಇದ್ದರೆ ಮತ್ತೆ ಹತ್ತಿ ಮುಂದೆ ಹೋಗುತ್ತಿದ್ದರು. "ಮಂದಿ ಉಣ್ಣಾಕತ್ತಿರ್ತಾರ ತಮ್ಮಾ, ಅವರ ಹೊಟ್ಟಿ ಯಾಕ ತೊಳಸೂದು" ಅನ್ನುತ್ತಿದ್ದರು.

ಅಷ್ಟು ಮಾಡಿದರೂ ಮಂದಿ ಬಿಡುತ್ತಿರಲಿಲ್ಲ. ಸಾತಾರಾ ದಾಟಿ ಒಂದು ಧಾಬಾ. ಲಾರಿಯನ್ನು ದೂರ ಬಿಟ್ಟು, ಮೈ ತೊಳೆದು, ಅಂಗಿ ಬದಲಿಸಿ ನಡೆದು ಹೋದೆವು. ಮಾಲಕ ಲಾರಿಯನ್ನು ಕಂಡಿದ್ದ. ಚಹಾವನ್ನು ಹೊರಗೆ ಕಲ್ಲಿನ ಮೇಲೆ ಇಡಿಸಿದ. ನಾವು ಏಳುವ ಮೊದಲೇ ಆ ಕಲ್ಲಿಗೆ ಬಕೆಟ್ಟು ನೀರು ಸುರಿಸಿದ. ಅವನ ಅಡಿಗೆಮನೆಯ ಗಟಾರ ನಮ್ಮ ಕಾಲ ಬುಡದಲ್ಲೇ ಹರಿಯುತ್ತಿತ್ತು, ಅದರೊಳಗೆ ನಿನ್ನೆಯ ಅನ್ನ ಉಬ್ಬಿಕೊಂಡಿತ್ತು. ಅದು ಅವನಿಗೆ ನಾರಲಿಲ್ಲ. ನಾನು ಜಗಳಕ್ಕೆ ಎದ್ದೆ. ಕಾಕಾ ನನ್ನ ರಟ್ಟೆ ಹಿಡಿದು ಕೂರಿಸಿದರು. "ಬಿಡಪಾ, ಅವಂಗ ಮೂಗೈತಿ" ಅಂದರು, ಅಷ್ಟೇ.

ಲಾರಿ ಹತ್ತಿದ ಮೇಲೆ ನನ್ನ ಸಿಟ್ಟು ಇಳಿಸಲು ತಾವೇ ಮಾತು ತೆಗೆದರು. "ಎತ್ತು ಇರೋತನ ಬಸವಣ್ಣ, ಕೊಂಬಿಗೆ ಬಣ್ಣ, ಕೊಳ್ಳಾಗ ಗೆಜ್ಜಿ. ಸತ್ತ ಮ್ಯಾಲೆ ಅದು ನಮ್ಮ ಮಾಲು. ಇದನ್ನ ಒಯ್ದು ಏನ ಮಾಡ್ತಾರ ಗೊತ್ತೈತೇನು? ಕುದಿಸಿ ಗುಳಿಗಿ ಮ್ಯಾಲಿನ ಟೊಪಗಿ, ಕ್ಯಾಪ್ಸೂಲ್ ಅಂತಾರಲ್ಲ, ಅದನ್ನ ಮಾಡ್ತಾರ. ಇಲ್ಲಿ ಮೂಗು ಮುಚ್ಚಿಕೊಂಡ ಮಂದಿ ಅಲ್ಲಿ ಅದನ್ನ ಬಾಯಿ ತಗದು ನುಂಗತಾರ." ಹೊಟ್ಟೆ ಹಿಡಿದು ನಕ್ಕರು. ನಮ್ಮವ್ವ ದಿನಾ ಮುಂಜಾನೆ ನುಂಗುವ ಕೆಂಪು ಗುಳಿಗೆ ನೆನಪಾಗಿ ನಾನು ನಗಲಿಲ್ಲ.

ಸಪಾಟು ರಸ್ತೆಯಲ್ಲಿ ಸ್ಟೀರಿಂಗ್ ಕೊಡುತ್ತಿದ್ದರು, ಘಾಟ್ ಬಂದರೆ ತಾವೇ ಕೂರುತ್ತಿದ್ದರು. ಹೀಗೇ ಕೆಲವು ತಿಂಗಳು ಕಳೆದವು. ಸಕ್ಕರೆ ಮಾಲಕನ ಮಾತು ನೆನಪಾದಾಗಲೆಲ್ಲ ನನಗೆ ಕಸಿವಿಸಿ. ಕೊನೆಗೆ ಒಂದು ಮಧ್ಯಾಹ್ನ ಖಂಡಾಳಾ ಘಾಟಿನ ಇಳಿಜಾರು ಶುರುವಾಗುವ ಮೊದಲು ಕಾಕಾ ಕೆಳಗಿಳಿದು ಈ ಕಡೆ ಬಂದು ಬಾಗಿಲು ತೆಗೆದರು. "ಕುಂಡ್ರು ಅಲ್ಲಿ. ಇದನ್ನ ಇಳಿಸಿದಿ ಅಂದ್ರ ಹುಕ್ಕೇರಿ ಸಾವಕಾರಗ ನಾನ ಫೋನ್ ಮಾಡ್ತೇನಿ."

ಸ್ಟೀರಿಂಗ್ ಹಿಡಿದು ಇಳಿಸತೊಡಗಿದೆ. ಹಿಂದಿನಿಂದ ಇಡೀ ಲೋಡು ದಬ್ಬುತ್ತಿದೆ. ನನಗೆ ಗೊತ್ತಿದ್ದುದು ಶಾಲೆಯ ಮಂತ್ರವೊಂದೇ, ಒಂದೇ ಸಮನೆ ಬ್ರೇಕ್ ತುಳಿಯುತ್ತಾ ಹೋದೆ. ಗಾಡಿ ಹದದಲ್ಲೇ ಇತ್ತು. ಗೆದ್ದೆ ಅಂದುಕೊಂಡೆ. ಆ ದಿನದ ಮಾಲು ಬೇರೆ ತೀರಾ ಹಸಿ, ಕ್ಯಾಬಿನ್ನಿನ ತುಂಬ ಅದೇ ಕೊಳೆತ ನಾತ, ಮೂಗಿಗೆ ಮತ್ತೇನೂ ಹತ್ತುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತಿದ್ದ ಕಾಕಾ ಒಮ್ಮೆಲೇ ಈ ಕಡೆ ತಿರುಗಿದರು.

"ಬಾಜೂ ತಗೋ. ಬ್ರೇಕ್ ಲೈನರ್ ಸುಟ್ಟ ವಾಸನಿ ಬರಾಕತ್ತೈತಿ. ಬ್ರೇಕ್ ಪೂರಾ ಹೋಗೂದ್ರಾಗ ನಿಲ್ಲಿಸು."

ಬ್ರೇಕು ಅರೆಮನಸ್ಸಿನಿಂದ ಹಿಡಿಯಿತು. ನಿಂತ ಮೇಲೆ ಕಾಕಾ ಇಳಿದು ಗಾಲಿಗಳಿಗೆ ಕಲ್ಲು ಕೊಟ್ಟರು. ಹಿಂದಿನ ಗಾಲಿಗಳಿಂದ ಬೂದು ಹೊಗೆ ಏಳುತ್ತಿತ್ತು. ಇನ್ನೊಂದು ತಿರುವು ಇಳಿದಿದ್ದರೆ ನಮ್ಮ ಎಲುಬೂ ಆ ಎಲುಬಿನೊಳಗೆ ಸೇರುತ್ತಿತ್ತು. ಆಗ ನನಗೆ ಹೊಳೆಯಿತು.

"ಕಾಕಾ, ನಿಮಗ ವಾಸನಿ ಬರತೈತೇನ್ರಿ?"

ಕಾಕಾ ಕೈಯ ಮಣ್ಣು ಕೊಡವಿದರು. "ಬರತೈತಿ. ನಿನಗ ಬಂದಷ್ಟ ನನಗೂ ಬರತೈತಿ."

"ಮತ್ತ ಇಲ್ಲ ಅಂತ ಯಾಕ ಹೇಳ್ತೀರಿ?"

"ಮೂಗೈತಿ ಅಂದ್ರ, ಮತ್ತ ಈ ಹೊಲಸ ಕೆಲಸ ಹೆಂಗ ಮಾಡ್ತಿ ಅಂತ ಕೇಳ್ತಾರ. ಏನ ಹೇಳ್ಲಿ? ನನಗ ಬ್ಯಾರೆ ಲೋಡ್ ಯಾರೂ ಕೊಡಲಿಲ್ಲ ಅಂತ ಎಷ್ಟ ಮಂದಿ ಮುಂದ ಹೇಳ್ಲಿ? ಮೂಗಿಲ್ಲ ಅಂದ್ರ, ಪಾಪ ಅಂತಾರ, ಬಿಡ್ತಾರ. ನಾ ಇರೂತನ ಯಾರ ಮುಂದೂ ಬಾಯಿ ಬಿಡಬ್ಯಾಡ ತಮ್ಮಾ."

ಆ ಚಟ್ನಿ ರೊಟ್ಟಿ, ಆ ನೊಣ, ಆ ನಗು ಎಲ್ಲ ಕಣ್ಣ ಮುಂದೆ ಬಂತು. ಇಷ್ಟು ವರ್ಷ ಈ ಮನುಷ್ಯ ಪ್ರತಿ ತುತ್ತನ್ನೂ ಆ ನಾತದೊಂದಿಗೇ ನುಂಗಿದ್ದ. ಗಾಲಿ ಆರಿದ ಮೇಲೆ ನನ್ನನ್ನೇ ಮತ್ತೆ ಕೂರಿಸಿದರು. ಸಣ್ಣ ಗೇರಿನಲ್ಲಿ ಇಂಜಿನ್ನೇ ಗಾಡಿ ಹಿಡಿಯುವಂತೆ ಇಳಿಸುವುದನ್ನು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಬುಡ ಮುಟ್ಟಿದ ಕೂಡಲೇ ಫೋನ್ ತೆಗೆದು, "ಸಾವಕಾರ, ಹುಡುಗ ಘಾಟ್ ಇಳಿಸ್ಯಾನ್ರಿ" ಅಂದರು.

ನನಗೆ ಸಕ್ಕರೆ ಲಾರಿ ಸಿಕ್ಕಿತು. ಶುಭ ಹಾರೈಸಲು ಕಾಕಾ ಒಂದು ದಿನ ಮೋಟರ್‌ಸೈಕಲ್ ಮೇಲೆ ನಮ್ಮ ಮನೆಗೆ ಬಂದರು. ಹೊಸ ಬಿಳಿ ಅಂಗಿ, ಮೈಯಿಂದ ಸಾಬೂನಿನ ವಾಸನೆ ಮಾತ್ರ. ಅಂಗಳದ ಹೊರಗೆ ಗಾಡಿ ನಿಲ್ಲಿಸಿ, ಬಗ್ಗಿ, ಒಂದು ಚಿಟಿಕೆ ಮಣ್ಣು ತೆಗೆದು ಮೇಲಿಂದ ಬಿಟ್ಟರು. ಜೊತೆಗೆ ಲಾರಿ ಇರಲಿಲ್ಲ, ಎಲುಬಿರಲಿಲ್ಲ, ಅವರೊಬ್ಬರೇ. ಗಾಳಿ ನಮ್ಮ ಬಾಗಿಲಿನಿಂದ ಆಚೆ ಬೀಸುವ ಕಡೆ ನೋಡಿಕೊಂಡು ಕಟ್ಟೆಯ ತುದಿಗೆ ಕೂತರು.

ಅವ್ವ ಚಹಾ ತಂದಳು. ನನಗೆ ಸ್ಟೀಲಿನ ಕಪ್ಪು, ಅವರಿಗೆ ಕಾಗದದ ಲೋಟ. ಇನ್ನೊಂದು ಕೈಯಲ್ಲಿ ಸೆರಗಿನ ತುದಿ ಮೂಗಿನ ಮೇಲೆ. "ಯಾಲಕ್ಕಿ ಹಾಕೇನಿ. ನಿನಗ ಘಮಾ ಗೊತ್ತಾಗಂಗಿಲ್ಲಂತಲ್ಲಪಾ, ಪಾಪ" ಅಂದಳು.

"ಇಲ್ರಿ ಅಕ್ಕಾರ. ರುಚಿ ಮಾತ್ರ ಛಲೋ ಆಗೇತಿ."

ಒಳಗೆ ಗೋಡೆಯ ಹಲಗೆಯ ಮೇಲೆ ತೊಳೆದಿಟ್ಟ ಸ್ಟೀಲಿನ ಕಪ್ಪುಗಳು ಸಾಲಾಗಿ ಹೊಳೆಯುತ್ತಿದ್ದವು. ಕಾಕಾನಿಗೆ ಕಾಗದದ ಲೋಟ ಕೊಟ್ಟದ್ದು ಮೂಗಿನ ಮಾತಲ್ಲ, ಜಾತಿಯ ಮಾತು ಎಂದು ಮೂವರಿಗೂ ಗೊತ್ತಿತ್ತು. ಎಲುಬಿನ ಲಾರಿಯಲ್ಲಿ ತಿಂಗಳುಗಟ್ಟಲೆ ಕೂತಾಗ ಬರದಂಥ ಹೇಸಿಗೆ ನನಗೆ ನನ್ನ ಹುಟ್ಟಿದ ಮನೆಯ ಅಂಗಳದಲ್ಲಿ ಬಂತು. ಒಳಗೆ ಹೋಗಿ ಒಂದು ಕಪ್ಪು ತಂದು ಅವರ ಲೋಟಕ್ಕೆ ಕೈ ಹಾಕಿದೆ. ಕಾಕಾ ಲೋಟ ಬಿಡಲಿಲ್ಲ. ಅವ್ವನಿಗೆ ಕೇಳದಂತೆ ಹೇಳಿದರು:

"ಬಿಡಪಾ, ನಿಮ್ಮವ್ವಗ ಮೂಗೈತಿ."

ಚಹಾ ಮುಗಿಸಿ, ಲೋಟವನ್ನು ಮಡಚಿ ತಮ್ಮ ಕಿಸೆಯಲ್ಲೇ ಇಟ್ಟುಕೊಂಡು ಹೋದರು. ಮತ್ತೆ ಅವರನ್ನು ನೋಡಲಿಲ್ಲ. ಕಳೆದ ವರ್ಷ ನಾನು ಸಕ್ಕರೆ ಇಳಿಸಿ ಊರಿಗೆ ಬಂದ ದಿನ ಮೂಡಲಗಿಯಿಂದ ಫೋನ್ ಬಂತು, ಕಾಕಾ ಹೋದರೆಂದು.

ಅವ್ವ ಗುಳಿಗೆ ನುಂಗಲು ನೀರು ಹಿಡಿದು ನಿಂತಿದ್ದಳು. "ಯಾರು, ಆ ಮೂಗಿಲ್ಲದಾಂವ ಏನು?" ಅಂದಳು.

"ಅವರಿಗೆ ಮೂಗಿತ್ತವ್ವಾ. ನಮ್ಮಷ್ಟ ಛಲೋ ಇತ್ತು."

ಅವ್ವ ಗುಳಿಗೆ ಬಾಯಿಗೆ ಹಾಕಲಿಲ್ಲ. ನನ್ನ ಕಡೆ ನೋಡದೆ ಕೇಳಿದಳು.

"ಹಂಗಾರ ಅವತ್ತ ಯಾಲಕ್ಕಿ ಘಮಾ ಗೊತ್ತಾಗಿತ್ತೇನು?"

"ಎಲ್ಲಾ ಗೊತ್ತಾಗಿತ್ತು" ಅಂದೆ.