ಅಕ್ಕನ ಮದುವೆಗೆ ಅಂಟಿದ ‘ರೀ’

ಶಾಲೆಯಲ್ಲಿ ಇಂಗ್ಲಿಷ್ ಮಾಷ್ಟ್ರು ‘ರೀ’ ಅಂದರೆ ‘ಮತ್ತೊಮ್ಮೆ’ ಎಂದು ಬೋರ್ಡಿನಲ್ಲಿ ಬರೆದಾಗ ಅದರಿಂದ ಮುಂದೆ ಏನಾದರೂ ಉಪಯೋಗವಿದೆ ಎಂದು ನನಗೆ ಅನಿಸಿರಲಿಲ್ಲ. ಅದು 1997ರ ಮಾತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಒಂದಕ್ಷರ ನಮ್ಮ ಕುಂದಾಪುರದ ಪೇಟೆಯನ್ನೇ ಆಳುತ್ತಿತ್ತು. ಗೂಡಂಗಡಿಯಲ್ಲೂ ರೀಚಾರ್ಜ್, ಪೆನ್ನಿಗೆ ರೀಫಿಲ್, ಫೇಲಾದವರಿಗೆ ರೀ-ಎಕ್ಸಾಮ್, ಸುಟ್ಟುಹೋದ ಪಂಪಿಗೆ ರೀವೈಂಡಿಂಗ್. ಯಾರಿಗೂ ನಾಚಿಕೆಯಿರಲಿಲ್ಲ. ಫೋನಿನ ಕರೆನ್ಸಿ ಮುಗಿದವರು ರಸ್ತೆಯ ಆಚೆಯಿಂದಲೇ, “ಹ್ವಾಯ್, ಒಂದ್ ರೀಚಾರ್ಜ್ ಮಾಡಿ ಕಾಂಬ” ಎಂದು ಕೂಗುತ್ತಿದ್ದರು.

ಅದೇ ‘ರೀ’ ಮದುವೆಯ ಮುಂದೆ ಬಂದು ನಿಂತರೆ ಮಾತ್ರ ಇದೇ ಜನ ದನಿ ತಗ್ಗಿಸುತ್ತಿದ್ದರು. ನನಗದು ಗೊತ್ತಾದದ್ದು ನನ್ನ ಅಕ್ಕನಿಂದ.

ಮದುವೆಯಾಗಿ ಮುಂಬೈಗೆ ಹೋಗಿದ್ದ ಅಕ್ಕ ಎರಡೇ ವರ್ಷಕ್ಕೆ ಒಂದು ಸೂಟ್‌ಕೇಸ್ ಹಿಡಿದು ವಾಪಸ್ಸು ಬಂದಳು. ಆ ಮನುಷ್ಯನ ಬಗ್ಗೆ ಹೆಚ್ಚು ಬರೆಯುವುದು ಶಾಯಿಗೆ ದಂಡ. ಡೈವೋರ್ಸ್ ಆದ ಮೇಲೆ ಅವಳು ಬೈಂದೂರಿನ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಬ್ರಹ್ಮಾವರದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬರು ಪಂಪು ತಲುಪಿಸಲು ಆ ಕಡೆ ಬಂದಾಗಲೆಲ್ಲ ಅವಳಲ್ಲಿ ರೀಚಾರ್ಜ್ ಮಾಡಿಸುತ್ತಿದ್ದರು, ಕರೆನ್ಸಿ ಇದ್ದರೂ. ಕೊನೆಗೊಂದು ದಿನ ಅಕ್ಕನೇ, “ನಿಮ್ಮ್ ಫೋನಂಗೆ ಇನ್ನ್ ದುಡ್ಡ್ ಹಿಡಿತಿಲ್ಲೆ. ಎಂತ ವಿಷಯ ಹೇಳಿ” ಅಂದಳಂತೆ. ಹಾಗೆ ನಮಗೊಬ್ಬ ಭಾವ ಸಿಕ್ಕಿದರು.

ಅಮ್ಮನಿಗೆ ಖುಷಿಯಾಯಿತು. ಖುಷಿಯ ಬೆನ್ನಿಗೇ ಹೆದರಿಕೆಯೂ ಬಂತು. ನಮ್ಮ ಬಳಗದಲ್ಲಿ ಹೆಣ್ಣಿನ ಎರಡನೇ ಮದುವೆ ಎಂದರೆ, ಬೆಳಗಾಗುತ್ತಲೇ ಕುಂಭಾಶಿಯ ಆನೆಗುಡ್ಡೆ ದೇವಸ್ಥಾನಕ್ಕೆ ಹೋಗಿ, ಹಾರ ಬದಲಿಸಿ, ಹೋಟೆಲಿನಲ್ಲಿ ತಿಂಡಿ ತಿಂದು ಬರುವುದು. ವಾಲಗವಿಲ್ಲ, ಯಾರಿಗೂ ಊಟದ ಹೇಳಿಕೆಯಿಲ್ಲ. ಗಂಡಿಗಾದರೆ ಎರಡನೆಯದಕ್ಕೂ ಹಾಲ್ ಬುಕ್ ಆಗುತ್ತಿತ್ತು. ಅದು ಹ್ಯಾಗೆ ಎಂದು ಕೇಳಿದರೆ ನಾನು ಬಾಯಿಬಡುಕಿ.

“ಕದ್ದ್ ಮದಿ ಆಪ್ದಾದ್ರೆ ನಂಗೆ ಮದಿಯೇ ಬ್ಯಾಡ,” ಎಂದಳು ಅಕ್ಕ. “ನಾನ್ ಎಂತ ತಪ್ಪ್ ಮಾಡಿದ್ದೆ?”

ಅವಳ ಹಟ ನನಗೆ ಗೊತ್ತು, ಹೇಳಿದರೆ ಹೇಳಿದ್ದೇ. ಕದ್ದಾದರೂ ಸರಿ, ಕರೆದಾದರೂ ಸರಿ, ಭಾವ ಎರಡಕ್ಕೂ ತಯಾರಿದ್ದರು; ಜನ ಕರೆಯುವುದು, ಮದುವೆ ಬಿಡುವುದು, ಅಮ್ಮ ಒಂದಕ್ಕೂ ತಯಾರಿರಲಿಲ್ಲ. ಅಮ್ಮನನ್ನು ದೂರಿ ಏನು ಪ್ರಯೋಜನ? ಮೊದಲ ಮದುವೆಯಲ್ಲಿ ಹೊಟ್ಟೆತುಂಬ ಉಂಡು ಹರಸಿದವರೇ ಆಮೇಲೆ ಬಾಯಿಗೆ ಬಂದ ಹಾಗೆ ಆಡಿಕೊಂಡಿದ್ದರು. ಅದನ್ನೆಲ್ಲ ಕೇಳಿ ಅಮ್ಮ ಸೋತಿದ್ದಳು. ಕೈಗೆ ಬಂದ ಸಂಬಂಧ ತಪ್ಪಿಹೋಗುತ್ತದೆ ಎಂದೇ ನಾನು ತಿಳಿದೆ.

ಈ ಗಂಟು ಬಿಡಿಸಿದ್ದು ಅಮ್ಮಮ್ಮ, ಅಂದರೆ ಅಮ್ಮನ ತಾಯಿ. ಅವಳು ಕುಂದಾಪುರದ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದಳು. ಅಲ್ಲಿಯ ಹೆಂಗಸರಲ್ಲಿ ಒಂದು ರೂಢಿಯಿತ್ತು. ಮದುವೆಗೆ ಕಾಗದ ಕೊಡಬೇಕಾಗಿಲ್ಲ, ಬುಟ್ಟಿಗಳ ಮುಂದೆ ನಿಂತು ಬಾಯಲ್ಲಿ ಹೇಳಿದರೆ ಸಾಕು. ಹೇಳಿದ ಮೇಲೆ ಆ ದಿನ ಇಡೀ ಸಾಲು ವ್ಯಾಪಾರ ಬಿಟ್ಟು ಬರಬೇಕು. ಹೇಳಿದವರು ಆಮೇಲೆ ಬೇಡ ಎನ್ನುವಂತಿಲ್ಲ, ಕೇಳಿದವರು ತಪ್ಪಿಸುವಂತಿಲ್ಲ.

ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಮ್ಮಮ್ಮನಿಗೆ ಗಂಜಿಯ ಡಬ್ಬಿ ಕೊಟ್ಟು ಹೋಗುವುದಿತ್ತು. ಅವತ್ತು ಹೋದಾಗ ಬಂಗುಡೆ ಚೌಕಾಸಿಯ ಗದ್ದಲದ ನಡುವೆ ಅವಳು ಎದ್ದು ನಿಂತಿದ್ದಳು.

“ಹ್ವಾಯ್, ಕೇಣಿ! ಮೊಮ್ಮಗಳ ಮದಿ. ಆನೆಗುಡ್ಡೆಯಂಗೆ. ಎಲ್ಲರೂ ಉಂಬುಕೆ ಬರ್ಕ್!”

“ದೊಡ್ಡವಳದ್ದಾ?” ಪಕ್ಕದ ಬುಟ್ಟಿಯವಳು ಕೇಳಿದಳು. “ಅದ್ ರೀ-ಮ್ಯಾರೇಜ್ ಅಲ್ದಾ?”

“ನಿನ್ನ್ ಮಗ ರೀ-ಎಕ್ಸಾಮ್ ಬರ್ದ್ ಪಾಸಾದಾಗ ನೀನ್ ಊರಿಡೀ ಲಾಡು ಹಂಚಿದ್ದಿಲ್ಯಾ? ನಾನೂ ತಿಂದಿದ್ದೆ. ಈಗ ನೀನ್ ಬಂದ್ ಉಣ್ಣ್.”

ಸಾಲಿಗೆ ಸಾಲೇ ನಕ್ಕಿತು. ಕೇಳಿದವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನನಗೆ ಡಬ್ಬಿ ಕೆಳಗಿಟ್ಟು ಅಮ್ಮಮ್ಮನನ್ನು ತಬ್ಬಿಕೊಳ್ಳಬೇಕೆನಿಸಿತು. ಮೀನಿನ ವಾಸನೆ ಹತ್ತಿದರೆ ಹತ್ತಲಿ ಎಂದು ತಬ್ಬಿಕೊಂಡೆ ಕೂಡ.

ಸಂಜೆ ಸುದ್ದಿ ಕೇಳಿ ಅಮ್ಮ ತಲೆಗೆ ಕೈ ಕೊಟ್ಟು ಕೂತಳು. “ಹೇಳಿ ಆಯ್ತ್,” ಎಂದಳು ಅಮ್ಮಮ್ಮ, ಕಾಲು ತೊಳೆಯುತ್ತ. “ಇನ್ನ್ ಅಡ್ಗಿಯವ್ರಿಗೆ ಹೇಳ್.” ಒಳಗಿನ ಕೋಣೆಯಲ್ಲಿ ಅಕ್ಕ ಅಳುತ್ತಿದ್ದಳು. ಹೋಗಿ ನೋಡಿದರೆ ಅಳುತ್ತಲೇ ಬೀರುವಿನಿಂದ ಸೀರೆ ತೆಗೆಯುತ್ತಿದ್ದಳು.

ಮದುವೆಯ ದಿನ ಕುಂಭಾಶಿಯಲ್ಲಿ ಬಸ್ಸು ನಿಂತಾಗಲೆಲ್ಲ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ಮೀನಿನ ಸಾಲಿನವರು ಗುಂಪುಗುಂಪಾಗಿ ಇಳಿದರು. ಮೀನಿನ ಸಾಲಿಗೇ ಹೇಳಿದ ಮೇಲೆ ಕರೆಯದೆ ಬಿಡಲಾಗದ ನೆಂಟರೂ ಅವರ ಹಿಂದೆ ಬಂದರು. ನೆಂಟರಿಗೆ ಕರೆಯದೆ ಬಿಟ್ಟರೆ ಸಿಟ್ಟು, ಕರೆದರೆ ಕುತೂಹಲ. ವಾಲಗ ಊದಿತು. ಸಾರಿಗೆ ನೀರು ಸೇರಿಸಿದರು, ಅನ್ನಕ್ಕೆ ಇನ್ನೊಮ್ಮೆ ಹಂಡೆ ಏರಿಸಿದರು. ಅಡುಗೆಯವರ ಬೆನ್ನ ಹಿಂದೆ ಅಡಗಿಕೊಂಡಿದ್ದ ಅಮ್ಮ, ಬಡಿಸಲು ಜನ ಸಾಲದೆ ಪಾಯಸದ ಬಾಲ್ದಿ ಹಿಡಿದು ಹೊರಗೆ ಬರಲೇಬೇಕಾಯಿತು.

ಪಂಕ್ತಿಯ ನಡುವಿನಲ್ಲಿ ದೂರದ ನೆಂಟರೊಬ್ಬರು ಎಲ್ಲರಿಗೂ ಕೇಳುವ ಹಾಗೆ, “ಇದ್ ರೀ-ಮ್ಯಾರೇಜ್ ಅಂಬ್ರಲೆ, ಹೌದಾ?” ಎಂದರು.

ಅಮ್ಮನ ಸೌಟು ನಿಂತಿತು. ಅನ್ನದ ಬುಟ್ಟಿ ಹಿಡಿದು ಅವಳ ಹಿಂದೆಯೇ ಬರುತ್ತಿದ್ದ ನಾನೂ ನಿಂತೆ.

“ಹೌದ್, ಮಗಳಿಗೆ ಎರಡ್ನೇದ್,” ಎಂದಳು ಅಮ್ಮ. ದನಿ ಒಂದಿಷ್ಟೂ ತಗ್ಗಲಿಲ್ಲ. “ನಿಮ್ಗೂ ಪಾಯ್ಸ ಎರಡ್ನೇ ಸಲ ಹಾಕ್ತೆ. ಎಲಿ ಕಾಣ್ಸಿ.”

ಎದುರಿನ ಸಾಲಿನಲ್ಲಿ ಭಾವನ ಪಕ್ಕ ಕೂತಿದ್ದ ಅಕ್ಕ ತಲೆಯೆತ್ತಿ ಅಮ್ಮನನ್ನೇ ನೋಡಿದಳು. ಆಮೇಲೆ ತನ್ನ ಎಲೆಯನ್ನೂ ಮುಂದಕ್ಕೆ ಸರಿಸಿದಳು.